ಆರ್ಗನ್ ವಾದ್ಯದಲ್ಲಿ ಜಾಜ್: ಫ್ಯಾಟ್ಸ್ ವಾಲರ್

ಅಮೆರಿಕದ ಕ್ಯಾಮ್ಡೆನ್ ಪಟ್ಟಣದಲ್ಲಿ ವಿಕ್ಟರ್ ಗ್ರಾಮಫೋನ್ ಸಂಸ್ಥೆಯವರು ಹಳೆಯದೊಂದು ಚರ್ಚನ್ನು ಕೊಂಡು ಧ್ವನಿಮುದ್ರಣ ಮಂದಿರವನ್ನಾಗಿ ಮಾಡಿಕೊಂಡಿದ್ದರು. ೧೯೨೬ರ ನವೆಂಬರಿನಲ್ಲಿ ಇಪ್ಪತ್ತೆರಡು ವರ್ಷದ ಸ್ಥೂಲಕಾಯದ ತರುಣನೊಬ್ಬನು ಅಲ್ಲಿಯ ಆರ್ಗನ್ನಿನ ಮುಂದೆ ಕುಳಿತು ‘ಸೇಂಟ್ ಲೂಯಿಸ್ ಬ್ಲೂಸ್’ ನುಡಿಸಿದನು. ಪ್ರಾರ್ಥನೆಗೆಂದು ಕಟ್ಟಿದ ಗೋಡೆಗಳ ನಡುವೆ, ಪ್ರಾರ್ಥನೆಗೆಂದೇ ಹೆಸರಾದ ವಾದ್ಯದಿಂದ, ಹಾರ್ಲೆಮ್ ಕೇರಿಯ ಸಂಗೀತ ಹೊರಟಿತು. ಆ ತರುಣನೇ ಥಾಮಸ್ ವಾಲರ್. ‘ಫ್ಯಾಟ್ಸ್’, ಎಂದರೆ ಡುಮ್ಮಣ್ಣ, ಎಂಬುದು ಅವನಿಗೆ ಜನ ಇಟ್ಟ ಹೆಸರು.

೧೯೦೪ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ವಾಲರನ ತಂದೆ ಧರ್ಮೋಪದೇಶಕ. ಬೀದಿಯ ಮೂಲೆಯಲ್ಲಿ ತಂದೆ ಉಪದೇಶ ಮಾಡುವಾಗ ಬಾಲಕನು ತಿದಿಯ ಪುಟ್ಟ ವಾದ್ಯವನ್ನು ನುಡಿಸುತ್ತಿದ್ದನು. ಜಾಜ್ ಸೈತಾನನ ಸಂಗೀತವೆಂದು ಆ ಹಿರಿಯರ ನಂಬಿಕೆ. ಮಗನಾದರೋ ಹದಿನೈದರ ಹರೆಯದಲ್ಲೇ ಹಾರ್ಲೆಮ್ಮಿನ ಲಿಂಕನ್ ಚಿತ್ರಮಂದಿರದಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸಲು ನಿಂತನು. ೧೯೨೦ರಲ್ಲಿ ತಾಯಿ ತೀರಿಕೊಂಡಳು. ಮನೆ ಬಿಟ್ಟು ಬಂದವನಿಗೆ ಜೇಮ್ಸ್ ಪಿ. ಜಾನ್ಸನ್ ಎಂಬ ಪಿಯಾನೋ ವಿದ್ವಾಂಸನು ಗುರುವಾದನು. ಮುಂದೆ ವಾದ್ಯವೃಂದದ ನಾಯಕನಾಗಿ ಪ್ರಸಿದ್ಧನಾದ ಕೌಂಟ್ ಬೇಸಿ ಆಗ ಆ ಚಿತ್ರಮಂದಿರಕ್ಕೆ ಬಂದು, ವಾಲರನ ಕಾಲ ಬಳಿ ನೆಲದ ಮೇಲೆ ಕುಳಿತು, ಪಾದಗಳ ಓಡಾಟವನ್ನು ನೋಡಿ ಕಲಿತನು.

ಈ ಪಾದಗಳ ಮಾತಿನಲ್ಲಿಯೇ ವಿಷಯದ ತಿರುಳಿದೆ. ಪಿಯಾನೋದ ಮನೆಯನ್ನು ಬಲವಾಗಿ ಒತ್ತಿದರೆ ನಾದವೂ ಬಲವಾದೀತು. ಆರ್ಗನ್ ಹಾಗಲ್ಲ, ಮೆಲ್ಲನೆ ಒತ್ತಿದರೂ ಗುದ್ದಿದರೂ ಕೊಳವೆಗೆ ಹೋಗುವ ಗಾಳಿ ಒಂದೇ. ಸಾಲದುದಕ್ಕೆ, ದೊಡ್ಡ ಕೊಳವೆಗಳು ನುಡಿಯುವುದು ತುಸು ತಡ. ಲಯವೇ ಉಸಿರಾದ ಜಾಜಿಗೆ ಇಂಥ ವಾದ್ಯ ಹೇಗೆ ಒದಗೀತು? ವಾಲರ್ ಒತ್ತನ್ನು ಬಲದಲ್ಲಿ ಹುಡುಕದೆ ಕಾಲಪ್ರಮಾಣದಲ್ಲಿ ಹುಡುಕಿದನು. ಸ್ವರವನ್ನು ಮೊಟಕಾಗಿ ಕತ್ತರಿಸಿ, ನಡುವೆ ಬಿಡುವು ಕೊಟ್ಟು, ಕಾಲಿನಿಂದ ತಗ್ಗು ಸ್ವರಗಳನ್ನು ಹಗುರವಾಗಿ ಮುಟ್ಟಿ, ನಾದದ ಬಣ್ಣವನ್ನು ಬದಲಿಸುತ್ತ ಲಯವನ್ನು ನಿಲ್ಲಿಸಿದನು. ಗಜವನ್ನು ಕುಣಿಸುವ ಕೆಲಸವೆಂದರೆ ಅತಿಶಯೋಕ್ತಿಯಲ್ಲ.

ಆದರೆ ಜನಕ್ಕೆ ಬೇಕಾದ ವಾಲರನೇ ಬೇರೆ. ‘ಏಂಟ್ ಮಿಸ್‌ಬಿಹೇವಿನ್’ ಹಾಡು ೧೯೨೯ರಲ್ಲಿ ಮನೆಮಾತಾಯಿತು. ವಾರೆ ಟೋಪಿ, ಕುಣಿಯುವ ಹುಬ್ಬು, ಹಾಡಿನ ನಡುವೆ ಚಟಾಕಿ: ಪಿಯಾನೋ ಮುಂದಿನ ಈ ವಿದೂಷಕನನ್ನೇ ಸಭಿಕರು ಮತ್ತೆ ಮತ್ತೆ ಬೇಡಿದರು. ಅವನ ಹಾಸ್ಯ ಸುಳ್ಳಲ್ಲ. ಆದರೂ ೧೯೩೮ರಲ್ಲಿ ಲಂಡನ್ನಿನಲ್ಲಿ ಆರ್ಗನ್ ಮೇಲೆ ಅವನು ಮುದ್ರಿಸಿದ ‘ಡೀಪ್ ರಿವರ್’ ಕೇಳಿದವರಿಗೆ ಬೇರೊಬ್ಬ ವಾಲರ್ ಕಾಣಿಸುತ್ತಾನೆ. ಗುಲಾಮಗಿರಿಯ ಕಾಲದ ಆ ಭಕ್ತಿಗೀತೆಯಲ್ಲಿ ಒಂದು ನಗೆಮಾತೂ ಇಲ್ಲ. ಉಪದೇಶಕನ ಮಗ ತಂದೆಯ ಬೀದಿಮೂಲೆಯನ್ನು ಮರೆತಿರಲಿಲ್ಲವೆಂದೇ ನನ್ನ ಭಾವನೆ.

೧೯೩೫ರಲ್ಲಿ ಕೊಳವೆಗಳಿಲ್ಲದ, ವಿದ್ಯುತ್ತಿನ ಹ್ಯಾಮಂಡ್ ಆರ್ಗನ್ ಮಾರುಕಟ್ಟೆಗೆ ಬಂದಿತು. ವಾಲರ್ ಅದನ್ನೂ ಒಲಿಸಿಕೊಂಡು ೧೯೪೨ರಲ್ಲಿ ‘ಜಿಟರ್‌ಬಗ್ ವಾಲ್ಟ್ಸ್’ ನುಡಿಸಿದನು. ಆ ದಿನಗಳ ಜಾಜಿನಲ್ಲಿ ಮೂರು ಎಣಿಕೆಯ ನಡೆ ಅಪರೂಪ. ಹ್ಯಾಮಂಡನ್ನು ಜಾಜಿನ ಮನೆವಾದ್ಯವನ್ನಾಗಿಸಿದ ಜಿಮ್ಮಿ ಸ್ಮಿತ್ ಬಂದದ್ದು ಐವತ್ತರ ದಶಕದಲ್ಲಿ. ಅದನ್ನು ಕಾಣಲು ವಾಲರ್ ಉಳಿಯಲಿಲ್ಲ. ೧೯೪೩ರ ಡಿಸೆಂಬರ್ ೧೫ರಂದು, ಊರಿಗೆ ಮರಳುತ್ತಿದ್ದ ರೈಲಿನಲ್ಲಿ, ಕ್ಯಾನ್ಸಾಸ್ ನಗರದ ಬಳಿ ನ್ಯುಮೋನಿಯಾದಿಂದ ತೀರಿಕೊಂಡನು. ವಯಸ್ಸು ಮೂವತ್ತೊಂಬತ್ತು. ಹಾರ್ಲೆಮ್ಮಿನ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ನಡೆದ ಅಂತಿಮ ಪ್ರಾರ್ಥನೆಗೆ ಸಾವಿರಾರು ಜನ ನೆರೆದಿದ್ದರು.