ಕಾಂಗ್ರೆಸ್ ಹುಲ್ಲು ಮತ್ತು ನನ್ನ ಸೀನು

ವಾಕಡದ ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಮಳೆ ಬಿದ್ದೊಡನೆ ಬಿಳಿ ಹೂವಿನ ಕಳೆಯೊಂದು ತಲೆಯೆತ್ತುತ್ತದೆ. ಮರಾಠಿ ಬಾಂಧವರ ‘ಗಾಜರ ಗವತ’ವೇ ನಮ್ಮ ಕಾಂಗ್ರೆಸ್ ಹುಲ್ಲು, ಅರ್ಥಾತ್ ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಭಾರತದಲ್ಲಿ ಗಮನಕ್ಕೆ ಬಂದುದು ಈ ಪುಣೆಯಲ್ಲಿಯೇ. ಮುಂದೆ ಬೆಂಗಳೂರನ್ನೂ ಆವರಿಸಿತು. ಅಲ್ಲಿ 1984ರಲ್ಲಿ ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬಿಟ್ಟರೂ ಕಳೆ ಅಳಿಯಲಿಲ್ಲ.

ಇದರ ಪರಾಗವು ಮೂಗನ್ನು ಕೆಣಕುತ್ತದೆ; ಸ್ಪರ್ಶವು ಕೆಲವರ ಚರ್ಮದಲ್ಲಿ ತುರಿಕೆಯೆಬ್ಬಿಸುತ್ತದೆ. ನಾನಾದರೋ ಹಲವು ವರ್ಷ ಸೀನು ಬಂದ ದಿನ ಮಾತ್ರ ಗುಳಿಗೆ ನುಂಗಿ, ಬ್ಯಾಂಕಿನ ಮೇಜಿನೆದುರು ತೂಕಡಿಸುತ್ತಿದ್ದೆ. ಕೊನೆಗೆ ತಜ್ಞರೊಬ್ಬರು ಚರ್ಮಪರೀಕ್ಷೆಯಿಂದ ಕಾರಣವನ್ನು ಗುರುತಿಸಿ, ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧವನ್ನು ಋತುವಿಡೀ ತಪ್ಪದೆ ಬಳಸಲು ತಿಳಿಸಿದರು. ಅದು ಪಿಗ್ಮಿ ಠೇವಣಿಯಂತೆ: ದಿನವೂ ಕಟ್ಟಿದರೆ ಮಾತ್ರ ಫಲ. ಎರಡು ವಾರಗಳಲ್ಲಿ ಉಸಿರು ಹಗುರಾಯಿತು.

ಇದರಿಂದಲೂ ಶಮನವಾಗದವರಿಗೆ ಇಮ್ಯುನೊಥೆರಪಿಯೆಂಬ ಚುಚ್ಚುಮದ್ದಿನ ಮಾರ್ಗವುಂಟು. ಅದಕ್ಕೆ ಮೂರರಿಂದ ಐದು ವರ್ಷಗಳ ತಾಳ್ಮೆ ಬೇಕು. ಉಬ್ಬಸ ಕಂಡರಂತೂ ವೈದ್ಯರನ್ನು ಕಾಣಲು ತಡಮಾಡಲಾಗದು. ಅಲರ್ಜಿಯಿಲ್ಲದವರು ಕೈಗವಸು ತೊಟ್ಟು, ಹೂ ಬಿಡುವ ಮುನ್ನವೇ ಕಳೆಯನ್ನು ಕಿತ್ತರೆ ನೆರೆಯವರಿಗೂ ಉಪಕಾರ.

ಕಳೆದ ರಾಜ್ಯೋತ್ಸವದಂದು ನಾನು ವಂದನಾರ್ಪಣೆಯವರೆಗೂ ಒಮ್ಮೆಯೂ ಸೀನದೆ ಕುಳಿತಿದ್ದೆ.