ಹುಡುಗರು ನಿಲ್ಲುವುದಿಲ್ಲ ಏಕೆ?



ನಾಲ್ಕು ಮಂದಿ ಹೋಟೆಲಿನವರು ಸೇರಿದಲ್ಲಿ ಬರುವ ಮಾತು ಒಂದೇ: "ಹುಡುಗರು ನಿಲ್ಲುವುದಿಲ್ಲ ಮಾರಾಯ್ರೇ." ಹಿಂದೆ ಉಡುಪಿ, ಕಾರ್ಕಳ ಕಡೆಯಿಂದ ನಮ್ಮವರೇ ಬರುತ್ತಿದ್ದರು. ಈಗ ನೇಪಾಳ, ಬಿಹಾರ, ಒಡಿಶಾದವರೇ ಹೆಚ್ಚು. ಐನೂರು ರೂಪಾಯಿ ಜಾಸ್ತಿ ಸಿಕ್ಕರೆ ಹೊರಟೇ ಬಿಡುತ್ತಾರೆ ಎಂದು ದೂರುತ್ತೇವೆ.

ನನ್ನ ಅನುಭವ ಹೇಳುತ್ತೇನೆ. ಒಮ್ಮೆ ಗಣಪತಿ ಹಬ್ಬದ ಗಡಿಬಿಡಿಯಲ್ಲಿ ನನ್ನ ದೋಸೆ ಭಟ್ಟ ಹೇಳದೆ ಹೋದ. ಮೂರು ದಿನ ದೋಸೆ ಬಂದ್. ಆಗ ಮೋರಿಯಲ್ಲಿ ಪ್ಲೇಟು ತೊಳೆಯುವ ಹುಡುಗ ಹತ್ತಿರ ಬಂದು, "ಶೇಟ್, ನಾನು ಹಾಕಲೇ? ರಾತ್ರಿ ಉಳಿದ ಹಿಟ್ಟಿನಲ್ಲಿ ಕಲಿತಿದ್ದೇನೆ" ಎಂದ. ಮೊದಲ ದಿನ ಅರ್ಧ ಸುಟ್ಟವು. ಇಂದು ಅವನೇ ನನ್ನ ದೋಸೆ ಭಟ್ಟ. ನಾಲ್ಕು ವರ್ಷ ಅವನನ್ನು ನಾನು ಒಂದು ಮಾತು ಕೇಳಿರಲಿಲ್ಲ, ಸಂಬಳವನ್ನೂ ಏರಿಸಿರಲಿಲ್ಲ. ತಪ್ಪು ನನ್ನದೇ.

ಕಾನೂನು ಏನು ಹೇಳುತ್ತದೆ? ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು. ಕೆಲಸ ಬಿಟ್ಟವನ ಲೆಕ್ಕ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ಓವರ್‌ಟೈಮಿಗೆ ಎರಡು ಪಟ್ಟು. ಮಹಾರಾಷ್ಟ್ರದಲ್ಲಿ ಕನಿಷ್ಠ ವೇತನದ ಜೊತೆಗಿನ ವಿಶೇಷ ಭತ್ಯೆ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ, ಹಳೇ ದರದಲ್ಲೇ ಕೂರಬೇಡಿ.

ಹತ್ತು ಮಂದಿ ಇದ್ದಲ್ಲಿ ಇಎಸ್‌ಐ ಕಡ್ಡಾಯ, 21,000 ರೂ.ವರೆಗಿನ ಸಂಬಳದವರಿಗೆ ಅನ್ವಯ. 15,000 ಸಂಬಳಕ್ಕೆ ನಮ್ಮ ಪಾಲು 487.50 ರೂ., ಅವನದು 112.50. ನಾಳೆ ಅವನ ಹೆಂಡತಿ ಮಕ್ಕಳಿಗೆ ಕಾಯಿಲೆಯಾದರೆ ಬಿಬ್ವೇವಾಡಿಯ ಇಎಸ್‌ಐ ಆಸ್ಪತ್ರೆ ಇದೆ. ಅಡ್ವಾನ್ಸ್ ಕೇಳಿ ನಮ್ಮ ಗಲ್ಲಾದ ಮುಂದೆ ನಿಲ್ಲಬೇಕಾಗಿಲ್ಲ.

ಇನ್ನು ತರಬೇತಿ. ಕನಿಷ್ಠ ವೇತನದಲ್ಲೇ ಅಕುಶಲ, ಅರೆಕುಶಲ, ಕುಶಲ ಎಂಬ ಮೆಟ್ಟಿಲುಗಳಿವೆ. ಹುಡುಗನನ್ನು ಆ ಮೆಟ್ಟಿಲು ಹತ್ತಿಸುವವರು ನಾವೇ. ವ್ಯಾಪಾರ ಕಡಿಮೆ ಇರುವ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಒಬ್ಬೊಬ್ಬರಿಗೆ ಒಂದು ಹೊಸ ಕೆಲಸ ಕಲಿಸಿ. ಕಲಿತ ಮೇಲೆ ಸಂಬಳ ಎಷ್ಟು ಏರುತ್ತದೆಂದು ಮೊದಲೇ ಬರೆದು ಕೊಡಿ. ಎಫ್‌ಎಸ್‌ಎಸ್‌ಎಐಯ ಫೋಸ್ಟ್ಯಾಕ್ ತರಬೇತಿಯೂ ಇದೆ. 25 ಕೆಲಸಗಾರರಿಗೆ ಒಬ್ಬ ತರಬೇತಾದ ಮೇಲ್ವಿಚಾರಕ ಇರಬೇಕು. ಹೊರಗಿನವನನ್ನು ತರುವ ಬದಲು ನಿಮ್ಮ ಹಳೇ ಹುಡುಗನನ್ನೇ ಕಳುಹಿಸಿ.

2023ರಲ್ಲಿ ನಮ್ಮನ್ನಗಲಿದ ವೈಶಾಲಿಯ ಜಗನ್ನಾಥ ಶೆಟ್ಟರು ಸಣ್ಣ ಪ್ರಾಯದಲ್ಲೇ ಬಂಧುಗಳ ಹೋಟೆಲಿನಲ್ಲಿ ದುಡಿದು ಮೇಲೆ ಬಂದವರು. ನಮ್ಮಲ್ಲಿ ಅನೇಕರು ಹಾಗೆಯೇ ಬಂದವರು. ನಮಗೆ ಯಾರೋ ಕಲಿಸಿದರು, ಆದ್ದರಿಂದ ನಾವು ನಿಂತೆವು. ಇಂದಿನ ಹುಡುಗ ನಿಲ್ಲಬೇಕಾದರೂ ದಾರಿ ಅದೇ.