ಅಗ್ಗಕ್ಕೆ ದೊರೆಯುವ ಐಷಾರಾಮಿ ಎಸ್‌ಯುವಿ: ಗಡಿ ದಾಟಿಸುವ ಮುನ್ನ ತಿಳಿಯಬೇಕಾದದ್ದು

ಹತ್ತು ವರ್ಷ ಹಳೆಯದಾದ ದೊಡ್ಡ ಐಷಾರಾಮಿ ಎಸ್‌ಯುವಿ ಇಂದು ಹೊಸ ಸಾಧಾರಣ ಕಾರಿನ ಬೆಲೆಗೆ ದೊರೆಯುವುದುಂಟು. ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮಕ್ಕಳು ಸೇರಿ ಏಳು ಮಂದಿ ಕುಳಿತುಕೊಳ್ಳಬಹುದಾದ ವಾಹನ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇಂಥದೊಂದನ್ನು ಕಂಡು ಕಾಸರಗೋಡಿನ ಕುಟುಂಬವೊಂದು ಮನಸೋತರೆ ಅಚ್ಚರಿಯಿಲ್ಲ. ಆದರೆ ಉಳಿತಾಯದ ಹಣವನ್ನು ಒಪ್ಪಿಸುವ ಮುನ್ನ ಒಂದು ಸಂಗತಿಯನ್ನು ಮನಗಾಣಬೇಕು: ಹಳತಾದಂತೆ ಇಳಿಯುವುದು ವಾಹನದ ಬೆಲೆಯೇ ಹೊರತು ಅದರ ಬಿಡಿಭಾಗಗಳ ಬೆಲೆಯಲ್ಲ. ಹೊಸದಿದ್ದಾಗ 80 ಲಕ್ಷ ರೂಪಾಯಿಯಿದ್ದ ವಾಹನ 16 ಲಕ್ಷಕ್ಕೆ ಸಿಕ್ಕಿತೆಂದಿಟ್ಟುಕೊಳ್ಳೋಣ. ದುರಸ್ತಿಗೆ ನಿಂತಾಗ ಅದು 80 ಲಕ್ಷದ ವಾಹನವೇ.

ಕೆಡುವುದು ಎಲ್ಲಿ?

ಇಂಥ ಅನೇಕ ವಾಹನಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಏರ್ ಸಸ್ಪೆನ್ಷನ್ ಇರುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಬಿರಿದು ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಲು ಸತತವಾಗಿ ದುಡಿದು ಕಂಪ್ರೆಸರ್ ಕೂಡ ಕೆಡುತ್ತದೆ. ಪರೀಕ್ಷೆ ಸುಲಭ. ಸಂಜೆ ನಾಲ್ಕೂ ಚಕ್ರಗಳ ಮೇಲಿನ ಎತ್ತರವನ್ನು ಅಳೆದು, ಬೆಳಗ್ಗೆ ಮತ್ತೆ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಸೋರಿಕೆಯಿದೆ ಎಂದೇ ತಿಳಿಯಬೇಕು.

ಎರಡನೆಯದು ಎಂಜಿನ್. ಆಡಿ ಕ್ಯೂ7ರ 3 ಲೀಟರ್ ವಿ6 ಡೀಸೆಲ್‌ನಂಥ ಎಂಜಿನ್‌ಗಳಲ್ಲಿ ಟೈಮಿಂಗ್ ಚೈನ್ ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಪಕ್ಕದಲ್ಲಿದೆ. ಚೈನಿನ ಕೆಲಸಕ್ಕೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕಾಗುತ್ತದೆ. ಬಿಡಿಭಾಗಕ್ಕಿಂತ ಕೂಲಿಯೇ ಹೆಚ್ಚಾಗಬಹುದು. ಸಡಿಲಗೊಂಡ ಚೈನ್ ತಣ್ಣಗಿನ ಎಂಜಿನ್ ಶುರುವಾದ ಮೊದಲ ಕ್ಷಣಗಳಲ್ಲಿ ಗಲಗಲ ಸದ್ದು ಮಾಡುತ್ತದೆ. ಆದ್ದರಿಂದ ನೀವು ಹೋದಾಗ ಬಾನೆಟ್ ಬಿಸಿಯಾಗಿದ್ದರೆ ಮತ್ತೊಂದು ದಿನ ಬರುವುದಾಗಿ ಹೇಳಿ ಹಿಂತಿರುಗಿ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಬದಲಿಸಬೇಕಾಗಿಲ್ಲವೆಂದು ಹೇಳುವವರಿದ್ದಾರೆ. ಇಂಥ ಹಲವು ವಾಹನಗಳಿಗೆ ಗೇರ್‌ಬಾಕ್ಸ್ ಒದಗಿಸುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿಲೋಮೀಟರಿನೊಳಗೆ ಬದಲಿಸಲು ಸೂಚಿಸುತ್ತದೆ. ಹಳೆಯ ಬಿಲ್ಲುಗಳಲ್ಲಿ ಅದರ ನಮೂದು ಇದೆಯೇ ನೋಡಿರಿ. ಸ್ಕ್ಯಾನರ್ ಪರೀಕ್ಷೆಯಲ್ಲಿ ದೋಷವೇನೂ ಕಾಣದಿದ್ದರೂ ಪೂರ್ಣ ನೆಮ್ಮದಿ ಸಲ್ಲದು. ಹಿಂದಿನ ದಿನವೇ ದೋಷಗಳನ್ನು ಅಳಿಸಿರಬಹುದು. ಹಾಗೆ ಅಳಿಸಿದ್ದರೆ ವಾಹನದ ಸ್ವಯಂಪರೀಕ್ಷೆಗಳು ಅಪೂರ್ಣವೆಂದು ಅದೇ ಸ್ಕ್ಯಾನರ್ ತೋರಿಸುತ್ತದೆ.

2015ರ ಚೆನ್ನೈ ನೆರೆ, 2018ರ ಕೇರಳ ನೆರೆಗಳಲ್ಲಿ ಅಸಂಖ್ಯ ವಾಹನಗಳು ಮುಳುಗಿದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆಯಿದೆಯೇ ಎಂದು ನೋಡಿರಿ. ಸ್ಟೆಪ್ನಿ ಇಡುವ ಗುಳಿಯನ್ನೂ ಸೀಟಿನ ಹಳಿಗಳ ತುಕ್ಕನ್ನೂ ಪರೀಕ್ಷಿಸಿರಿ.

ಗಡಿಯ ಕಾಗದಪತ್ರ

ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ನಮ್ಮಲ್ಲಿ ಇರಿಸಿಕೊಂಡರೆ 1988ರ ಮೋಟಾರು ವಾಹನ ಕಾಯಿದೆಯ 47ನೇ ಸೆಕ್ಷನ್ ಪ್ರಕಾರ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಫಾರಂ 28ರ ಮೂಲಕ ನಿರಾಕ್ಷೇಪಣಾ ಪತ್ರ ಬೇಕು. ಮಾಲೀಕತ್ವದ ವರ್ಗಾವಣೆಗೆ ಫಾರಂ 29 ಮತ್ತು 30. ಸಾಲವಿದ್ದ ವಾಹನವಾದರೆ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರಂ 35. ನಮ್ಮ ರಾಜ್ಯದ ರಸ್ತೆ ತೆರಿಗೆಯನ್ನೂ ತೆರಬೇಕು. ಅದನ್ನು ನೀವು ಕೊಟ್ಟ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆಂದು ಭಾವಿಸಬೇಡಿ. ವಾಹನದ ಮೂಲ ಬೆಲೆ ಮತ್ತು ವಯಸ್ಸನ್ನು ಹೇಳಿ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿರಿ. ಹಳೆಯ ರಾಜ್ಯದಲ್ಲಿ ತೆತ್ತ ತೆರಿಗೆಯ ಉಳಿದ ಭಾಗದ ಮರುಪಾವತಿಗೆ ಅರ್ಜಿ ಹಾಕುವುದನ್ನೂ ಮರೆಯಬೇಡಿ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸದಿದ್ದರೆ ನಿಮ್ಮ ವಾಹನಕ್ಕಾದ ಹಾನಿಯ ಪರಿಹಾರ ಕೈತಪ್ಪಬಹುದು.

ಕಾಗದಪತ್ರಗಳ ವಿಷಯದಲ್ಲಿ ಕೇರಳಕ್ಕೆ ಎರಡು ಪಾಠಗಳಿವೆ. 2017ರಲ್ಲಿ ತೆರಿಗೆ ತಪ್ಪಿಸಲು ಪುದುಚೇರಿಯ ವಿಳಾಸದಲ್ಲಿ ದುಬಾರಿ ಕಾರುಗಳನ್ನು ನೋಂದಾಯಿಸಿದ ಆರೋಪದ ಮೇಲೆ ಮೊಕದ್ದಮೆಗಳಾದವು. 2025ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್ ಇಲಾಖೆ ‘ನುಮ್‌ಖೋರ್’ ಕಾರ್ಯಾಚರಣೆ ನಡೆಸಿ, ಭೂತಾನದಿಂದ ಅಕ್ರಮವಾಗಿ ತಂದು ನಕಲಿ ದಾಖಲೆಗಳಿಂದ ನೋಂದಾಯಿಸಿದ ಶಂಕೆಯ ಮೇಲೆ ದೊಡ್ಡ ಎಸ್‌ಯುವಿಗಳನ್ನು ವಶಪಡಿಸಿಕೊಂಡಿತು. ಇಂಥ ವಾಹನ ಜಪ್ತಿಯಾದರೆ ಅರಿಯದೆ ಕೊಂಡವನ ಹಣವೂ ಅದರೊಂದಿಗೆ ಸಿಲುಕುತ್ತದೆ. ಆದ್ದರಿಂದ ಚಾಸಿ ಸಂಖ್ಯೆಯನ್ನು ಆರ್‌ಸಿಯೊಂದಿಗೂ ಪರಿವಾಹನ್ ಜಾಲತಾಣದ ವಿವರದೊಂದಿಗೂ ತಾಳೆ ನೋಡಿರಿ. ನಮಗೆ ಓದಲು ಬಾರದ ಭಾಷೆಯ ಕರಾರಿಗೆ, ಎಷ್ಟೇ ಅವಸರಪಡಿಸಿದರೂ, ಸಹಿ ಹಾಕಬಾರದು.

ಕೊಳ್ಳಬೇಕೆ?

ಕೊಳ್ಳಲೇಬಾರದೆಂದಲ್ಲ. ಒಬ್ಬನೇ ಮಾಲೀಕ, ನಿಯಮಿತ ಸರ್ವಿಸಿನ ಪೂರ್ಣ ದಾಖಲೆ, ಹತ್ತಿರದಲ್ಲಿ ನುರಿತ ಮೆಕ್ಯಾನಿಕ್ — ಈ ಮೂರೂ ಇದ್ದರೆ ಯೋಚಿಸಬಹುದು. ಕಾಸರಗೋಡಿನವರಿಗೆ ಮಂಗಳೂರು ಸುಮಾರು 50 ಕಿಲೋಮೀಟರ್. ತಾಳವಾಡಿಯವರಿಗೂ ಜತ್ತದವರಿಗೂ ಕಂಪನಿಯ ಸರ್ವಿಸ್ ಕೇಂದ್ರ ಅಷ್ಟು ಸಮೀಪದಲ್ಲಿಲ್ಲ. ಕೆಟ್ಟು ನಿಂತ ವಾಹನವನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವ ಖರ್ಚೂ ಲೆಕ್ಕದಲ್ಲಿರಲಿ. ಕೊಂಡ ಬೆಲೆಯ ನಾಲ್ಕನೆಯ ಒಂದು ಭಾಗವನ್ನಾದರೂ ದುರಸ್ತಿಗೆಂದು ಬೇರೆಯಾಗಿ ತೆಗೆದಿಡಲು ಸಾಧ್ಯವೇ? ಮಕ್ಕಳ ಓದಿನ ಹಣವನ್ನು ಮುಟ್ಟದೆ ಅದು ಸಾಧ್ಯವಿಲ್ಲವೆಂದಾದರೆ, ಆ ವಾಹನ ಎಷ್ಟು ಅಗ್ಗವಾಗಿ ಕಂಡರೂ ನಮ್ಮ ಪಾಲಿಗೆ ದುಬಾರಿಯೇ.